ಜೇಬುಚಾಕು: ಪದೇ ಪದೇ ಕೇಳುವ ಪ್ರಶ್ನೆಗಳು

ಜೇಬಿನಲ್ಲಿ ಮಡಿಸುವ ಚಾಕು ಇಟ್ಟುಕೊಂಡು ಓಡಾಡುತ್ತೇನೆ ಅಂತ ಗೊತ್ತಾದ ಮೇಲೆ ನೆಂಟರು, ಸ್ನೇಹಿತರು, ಆಫೀಸಿನವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ನನ್ನಂಥ ನಾಲ್ಕು ಜನ ಭಾನುವಾರ ಕಾಫಿಗೆ ಸೇರಿದಾಗಲೂ ಮಾತು ಇವುಗಳ ಸುತ್ತಲೇ ತಿರುಗುತ್ತದೆ. ಒಂದು ಕಡೆ ಬರೆದಿಟ್ಟರೆ ಹೊಸಬರಿಗೆ ಅನುಕೂಲವಾದೀತು.

ಸಾಂಪ್ರದಾಯಿಕ ಜೇಬುಚಾಕು ಅಂತ ಯಾವುದನ್ನು ಕರೆಯುತ್ತೀರಿ?

ಅಲಗು ಹಿಡಿಯೊಳಗೆ ಮಡಚಿಕೊಳ್ಳಬೇಕು, ಮಡಚಿದಾಗ ಅಂಗೈಯಲ್ಲಿ ಅಡಗಬೇಕು, ತೆರೆಯಲು ಎರಡೂ ಕೈ ಬೇಕಾಗಬೇಕು. ಹಿಡಿ ಸಾಮಾನ್ಯವಾಗಿ ಮರದ್ದು, ಕೊಂಬಿನದು ಅಥವಾ ಮೂಳೆಯದು. ಅಲಗಿನ ಬೆನ್ನಿನ ಹತ್ತಿರ ಉಗುರು ಸಿಕ್ಕಿಸಲು ಸಣ್ಣದೊಂದು ಗೀರು ಇರುತ್ತದೆ. ಹೆಚ್ಚಿನವುಗಳಲ್ಲಿ ಹಿಡಿಯ ಬೆನ್ನುದ್ದಕ್ಕೂ ಒಂದು ಉಕ್ಕಿನ ಪಟ್ಟಿ; ಅದೇ ಸ್ಪ್ರಿಂಗು. ಅದು ಅಲಗಿನ ಬುಡವನ್ನು ಒತ್ತಿ ಹಿಡಿದಿರುತ್ತದೆ, ಅಷ್ಟೇ. ಬೀಗ ಇಲ್ಲ. ತೆರೆದಾಗ ಒಂದು ‘ಟಕ್’, ಮುಚ್ಚಿದಾಗ ಇನ್ನೊಂದು ‘ಟಕ್’. ಚಾಕು ಚೆನ್ನಾಗಿ ಮಾಡಿದ್ದೋ ಅಲ್ಲವೋ ಅನ್ನುವುದು ಆ ಸದ್ದಿನಲ್ಲೇ ಅರ್ಧ ಗೊತ್ತಾಗುತ್ತದೆ. ಸದ್ದು ಮಂಕಾಗಿದ್ದರೆ ಸ್ಪ್ರಿಂಗು ಸಡಿಲ ಅಥವಾ ಒಳಗೆ ಕಸ.

ಗುಂಡಿ ಒತ್ತಿದರೆ ಚಿಮ್ಮುವ ಚಾಕುಗಳ ಬಗ್ಗೆ ನನಗೆ ಆಸಕ್ತಿ ಇಲ್ಲ. ಅವು ಬೇರೆ ಕೆಲಸಕ್ಕೆ ಹುಟ್ಟಿದವು.

ಅದೆಲ್ಲ ಸರಿ, ಪೇಟೆಯಲ್ಲಿರುವವರಿಗೆ ಚಾಕುವಿನಿಂದ ಏನು ಕೆಲಸ?

ಅತಿ ಹೆಚ್ಚು ಸಲ ಕೇಳಿಸಿಕೊಂಡ ಪ್ರಶ್ನೆ ಇದು. ನಿನ್ನೆಯ ದಿನವನ್ನೇ ಹೇಳುತ್ತೇನೆ. ಬೆಳಿಗ್ಗೆ ಹಾಲಿನ ಪ್ಯಾಕೆಟ್ಟಿನ ಮೂಲೆ ಕತ್ತರಿಸಿದೆ. ಮಗಳ ಎರಡು ಪೆನ್ಸಿಲ್ ಚೂಪು ಮಾಡಿದೆ. ಹೂವಾಡಗಿತ್ತಿ ಕೊಟ್ಟ ಮಲ್ಲಿಗೆ ಮಾಲೆಯನ್ನು ದೇವರಿಗೆ ಒಂದು ಮೊಳ, ಮುಡಿಯಲು ಒಂದು ಮೊಳ ಅಂತ ತುಂಡು ಮಾಡಿದೆ. ಮಧ್ಯಾಹ್ನ ಕೊರಿಯರ್ ಡಬ್ಬಿಯ ಟೇಪು ಸೀಳಿದೆ. ಸಂಜೆ ಬಸ್‌ಸ್ಟಾಂಡಿನಲ್ಲಿ ಒಂದು ಸೀಬೆಹಣ್ಣು ಕೊಂಡು ನಾಲ್ಕು ಹೋಳು ಮಾಡಿ, ಪಕ್ಕದಲ್ಲಿ ಕೂತಿದ್ದ ಹಿರಿಯರಿಗೆ ಎರಡು ಕೊಟ್ಟೆ. ಅವರು ಚಾಕು ಇಸಕೊಂಡು ತಿರುಗಿಸಿ ನೋಡಿ, ತಮ್ಮ ಅಪ್ಪನ ಹತ್ತಿರ ಇಂಥದ್ದೇ ಇತ್ತು ಅಂದರು. ಬಸ್ಸು ಬರುವ ತನಕ ಮಾತು ಸಾಗಿತು.

ಇವುಗಳಲ್ಲಿ ಒಂದೂ ದೊಡ್ಡ ಕೆಲಸ ಅಲ್ಲ. ಹಲ್ಲಿನಲ್ಲಿ ಕಚ್ಚಿಯೋ ಬೀಗದ ಕೈಯಿಂದ ಎಳೆದೋ ಹೇಗೋ ಮಾಡಿ ಮುಗಿಸಬಹುದು. ಆದರೆ ಹರಿತವಾದ ಅಲಗಿನಿಂದ ಪೆನ್ಸಿಲ್ ಕೆತ್ತುವಾಗ ಮರದ ಸಿಪ್ಪೆ ಸುರುಳಿಯಾಗಿ ಎದ್ದು, ಅದರ ವಾಸನೆ ಮೂಗಿಗೆ ಬಡಿಯುವ ಆ ಅರ್ಧ ನಿಮಿಷ ನನ್ನ ಮಟ್ಟಿಗೆ ದಿನದ ಒಳ್ಳೆಯ ಹೊತ್ತು. ಬೇಸಗೆಯಲ್ಲಿ ತೋತಾಪುರಿ ಕಾಯಿ ಸಿಕ್ಕರಂತೂ ಕೇಳಬೇಡಿ. ಕಾಯಿಯನ್ನು ಪೂರ್ತಿ ಬೇರ್ಪಡಿಸದೆ ಉದ್ದಕ್ಕೆ ಸೀಳು ಹಾಕಿ, ಸೀಳಿನೊಳಗೆ ಉಪ್ಪು ಖಾರದ ಪುಡಿ ಉಜ್ಜಬೇಕು. ಗಾಡಿಯವರು ಮಾಡುವ ಕೆಲಸವನ್ನು ನಾವೇ ಮಾಡಿಕೊಂಡು ಜಗಲಿಯ ಮೇಲೆ ಕೂತು ತಿಂದರೆ ರುಚಿಯೇ ಬೇರೆ.

ಮಡಿಸುವ ಚಾಕು ನಮ್ಮದಲ್ಲವಲ್ಲ? ನಮ್ಮದು ಕತ್ತಿ, ಈಳಿಗೆಮಣೆ ಅಲ್ಲವೇ?

ಬಹುಪಾಲು ನಿಜ. ಹಳೆ ಮೈಸೂರಿನ ಅಡುಗೆಮನೆಯಲ್ಲಿ ಈಳಿಗೆಮಣೆ, ಕರಾವಳಿ ಮಲೆನಾಡಿನಲ್ಲಿ ಮೆಟ್ಟುಗತ್ತಿ. ಎರಡರಲ್ಲೂ ಅಲಗು ಕದಲದೆ ನಿಂತಿರುತ್ತದೆ, ತರಕಾರಿಯೇ ಅದರ ಹತ್ತಿರ ಹೋಗುತ್ತದೆ. ತೋಟಕ್ಕೆ ಹೋಗುವವರು ಸೊಂಟದ ಹಿಂದೆ ಕೊಕ್ಕೆಗೆ ಕತ್ತಿ ಸಿಕ್ಕಿಸಿಕೊಂಡಿರುತ್ತಾರೆ. ಎಲೆಅಡಕೆ ತಟ್ಟೆಯಲ್ಲಿ ಅಡಕತ್ತರಿ. ಕೊಡವರ ಪೀಚೆಕತ್ತಿ ಮದುವೆಯ ಉಡುಪಿನ ಗೌರವ. ಇಷ್ಟೆಲ್ಲ ಇರುವಾಗ ಮಡಿಸುವ ಚಾಕು ಇಲ್ಲಿ ಬೇಕಾಗಲೇ ಇಲ್ಲ ಅಂತ ಅನ್ನಿಸಬಹುದು.

ಆದರೆ ಓಲೆಗರಿಯ ಕಾಲವನ್ನು ನೆನೆಸಿಕೊಳ್ಳಿ. ಓಲೆಯ ಮೇಲೆ ಕೊರೆದು ಬರೆಯಲು ಕಂಟ ಬೇಕು, ಓಲೆಯ ಅಂಚು ಸವರಲು ಸಣ್ಣ ಚಾಕು ಬೇಕು. ಈ ಎರಡನ್ನೂ ಒಂದೇ ಹಿಡಿಗೆ ಸೇರಿಸಿ ಮಡಚುವಂತೆ ಮಾಡಿದ ಸಾಧನಗಳು ದಕ್ಷಿಣ ಭಾರತದಲ್ಲಿ ಇದ್ದವು. ಮ್ಯೂಸಿಯಮ್ಮುಗಳಲ್ಲಿ ಈಗಲೂ ನೋಡಬಹುದು. ಯುರೋಪಿನಲ್ಲಿ ಹಕ್ಕಿಯ ಗರಿಯ ಲೇಖನಿಯ ತುದಿ ಕತ್ತರಿಸಲು ಇಟ್ಟುಕೊಳ್ಳುತ್ತಿದ್ದ ಸಣ್ಣ ಚಾಕುವಿಗೇ ಪೆನ್‌ನೈಫ್ ಅಂತ ಹೆಸರು ಬಂದದ್ದು. ಅಲ್ಲಿ ಗರಿ, ಇಲ್ಲಿ ಓಲೆಗರಿ. ಎರಡೂ ಕಡೆ ಜೇಬುಚಾಕು ಬರೆಯುವವರ ಜೊತೆಗಾರನಾಗಿತ್ತು ಅನ್ನುವುದು ನನಗೆ ಬಹಳ ಪ್ರಿಯವಾದ ವಿಚಾರ.

ಇಂಗ್ಲೆಂಡಿನ ಚಾಕುವಿಗೂ ನಮ್ಮ ‘ಉಕ್ಕಿ’ಗೂ ಸಂಬಂಧ ಇದೆ ಅಂತಾರೆ. ಹೌದಾ?

ಇದೆ, ಮತ್ತು ಆ ಕಥೆಯಲ್ಲಿ ನಿಜಕ್ಕೂ ಒಂದು ಪೆನ್‌ನೈಫ್ ಬರುತ್ತದೆ. ದಕ್ಷಿಣ ಭಾರತದಲ್ಲಿ ಮೂಸೆಯಲ್ಲಿ ಕರಗಿಸಿ ತಯಾರಿಸುತ್ತಿದ್ದ ಉಕ್ಕು 1790ರ ದಶಕದಲ್ಲಿ ಇಂಗ್ಲೆಂಡಿನ ವಿದ್ವಾಂಸರ ಕಣ್ಣಿಗೆ ಬಿತ್ತು. ಮುಂಬಯಿಯಲ್ಲಿದ್ದ ವೈದ್ಯ ಹೆಲೆನಸ್ ಸ್ಕಾಟ್ ಅದರ ಗಟ್ಟಿಗಳನ್ನು ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷ ಜೋಸೆಫ್ ಬ್ಯಾಂಕ್ಸ್ ಅವರಿಗೆ ಕಳಿಸಿದರು. ಬ್ರಿಟಿಷರು ಅದನ್ನು ‘ವೂಟ್ಜ್’ ಅಂತ ಬರೆದುಕೊಂಡರು. ಕನ್ನಡದ ‘ಉಕ್ಕು’ ಅವರ ಕಿವಿಯಲ್ಲಿ ಹಾಗಾಯಿತು ಅನ್ನುವುದು ಎಲ್ಲಕ್ಕಿಂತ ಹೆಚ್ಚು ಜನ ಒಪ್ಪುವ ವಿವರಣೆ. 1795ರಲ್ಲಿ ಜಾರ್ಜ್ ಪಿಯರ್ಸನ್ ಅದರ ಬಗ್ಗೆ ಸೊಸೈಟಿಯ ಮುಂದೆ ಪ್ರಬಂಧ ಓದಿದರು. ಆ ಪರೀಕ್ಷೆಗಳ ಭಾಗವಾಗಿ ಜೇಮ್ಸ್ ಸ್ಟೋಡಾರ್ಟ್ ಎಂಬ ಚಾಕು ತಯಾರಕ ವೂಟ್ಜ್ ತುಂಡೊಂದನ್ನು ಹದವಾದ ಕಾವಿನಲ್ಲಿ ಬಡಿದು ಒಂದು ಪೆನ್‌ನೈಫ್ ಮಾಡಿದರು. ಅಲಗು ಅಲ್ಲಿನ ಒಳ್ಳೆಯ ಉಕ್ಕಿನಷ್ಟೇ ಚೆನ್ನಾಗಿ ಕತ್ತರಿಸಿತು. ಮುಂದೆ ಇದೇ ಸ್ಟೋಡಾರ್ಟ್ ಮೈಕೆಲ್ ಫ್ಯಾರಡೆ ಜೊತೆ ಸೇರಿ ಉಕ್ಕಿನ ಮಿಶ್ರಲೋಹಗಳ ಮೇಲೆ ಪ್ರಯೋಗ ನಡೆಸಿದರು.

ಚಾಕುಗಳಿಗೆ ಹೆಸರಾದ ಇಂಗ್ಲೆಂಡಿನ ಶೆಫೀಲ್ಡ್ ಊರಿನ ಹತ್ತಿರ ಗಡಿಯಾರ ಮಾಡುತ್ತಿದ್ದ ಬೆಂಜಮಿನ್ ಹಂಟ್ಸ್‌ಮನ್ 1740ರ ದಶಕದಲ್ಲಿ ಮೂಸೆ ಉಕ್ಕು ತೆಗೆದಾಗ ಯುರೋಪಿಗೆ ಅದು ಹೊಸದು. ಇಲ್ಲಿ ಸಾವಿರಾರು ವರ್ಷದ ರೂಢಿ. 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್, ನಮ್ಮ ಕುಲುಮೆಯವರು ಮಣ್ಣಿನ ಮೂಸೆಯೊಳಗೆ ಕಬ್ಬಿಣದ ಜೊತೆ ತಂಗಡಿ ಗಿಡದ ಒಣ ಕಡ್ಡಿಯನ್ನೂ ಬೇರೊಂದು ಗಿಡದ ಹಸಿ ಎಲೆಗಳನ್ನೂ ಇಟ್ಟು ಮುಚ್ಚುತ್ತಿದ್ದುದನ್ನು ಬರೆದಿದ್ದಾನೆ. ಕಡ್ಡಿ ಸುಟ್ಟು ಇದ್ದಿಲಾಗಿ, ಅದರ ಇಂಗಾಲ ಕಬ್ಬಿಣಕ್ಕೆ ಸೇರಿ ಉಕ್ಕಾಗುತ್ತಿತ್ತು. ರಸ್ತೆ ಬದಿಯಲ್ಲಿ ಹಳದಿ ಹೂ ಬಿಟ್ಟ ತಂಗಡಿ, ಅಂದರೆ ಆವರಿಕೆ, ಕಂಡಾಗಲೆಲ್ಲ ನನ್ನ ಕೈ ತಾನಾಗಿ ಜೇಬಿಗೆ ಹೋಗುತ್ತದೆ.

ಮೊದಲ ಚಾಕು ಯಾವುದು ಕೊಳ್ಳಲಿ?

ಹಣ ಕಡಿಮೆ, ಚಾಕು ಒಳ್ಳೆಯದು ಬೇಕು ಅಂದರೆ ಒಪಿನೆಲ್. ಫ್ರಾನ್ಸಿನ ಸವೊಯ್ ಗುಡ್ಡಗಾಡಿನಲ್ಲಿ 1890ರಲ್ಲಿ ಜೋಸೆಫ್ ಒಪಿನೆಲ್ ಮಾಡಿದ್ದು. ಒಂದು ಮರದ ಹಿಡಿ, ಒಂದು ಅಲಗು, ಅಲಗು ತಿರುಗುವ ಕೀಲಿಗೊಂದು ಮೊಳೆ, ಸುತ್ತ ಒಂದು ಲೋಹದ ಕೊರಳಪಟ್ಟಿ, ಸ್ಪ್ರಿಂಗೇ ಇಲ್ಲ. 1955ರಲ್ಲಿ ಮೇಲೊಂದು ತಿರುಗುವ ಬಳೆ ಸೇರಿತು, ಅದನ್ನು ತಿರುಗಿಸಿದರೆ ಅಲಗು ಬೀಗ ಹಾಕಿದ ಹಾಗೆ ನಿಲ್ಲುತ್ತದೆ. ಅಳತೆಗಳಿಗೆ ನಂಬರು ಇವೆ. ಎಂಟನೇ ನಂಬರಿನ ಅಲಗು 8.5 ಸೆಂಟಿಮೀಟರ್, ಹಣ್ಣು ತರಕಾರಿಗೆ ಹೇಳಿ ಮಾಡಿಸಿದ್ದು. ಜೇಬಿಗೆ ಆರನೆಯದೇ ಹಿತ ಅಂತ ನನ್ನ ಅನುಭವ.

ಒಂದರಲ್ಲೇ ಹತ್ತು ಕೆಲಸ ಆಗಬೇಕು ಅನ್ನುವವರಿಗೆ ಸ್ವಿಸ್ ಚಾಕು. ಕಾರ್ಲ್ ಎಲ್ಸನರ್ ಇಬಾಖ್ ಎಂಬ ಊರಿನಲ್ಲಿ 1884ರಲ್ಲಿ ಕಾರ್ಖಾನೆ ಶುರು ಮಾಡಿ, 1891ರಲ್ಲಿ ಸ್ವಿಸ್ ಸೈನಿಕರಿಗೆ ಚಾಕು ಒದಗಿಸಿದರು. ಕೆಂಪು ಹಿಡಿಯ ಚಾಕುಗಳ ಮೂಲವಾದ ಆಫೀಸರ್ ಚಾಕುವನ್ನು 1897ರಲ್ಲಿ ನೋಂದಾಯಿಸಿದರು. ತೀರಿಹೋದ ತಾಯಿ ವಿಕ್ಟೋರಿಯಾ ಹೆಸರನ್ನು ಕಂಪನಿಗೆ ಇಟ್ಟರು, ಆಮೇಲೆ ಅದಕ್ಕೆ ತುಕ್ಕು ಹಿಡಿಯದ ಉಕ್ಕಿನ ಫ್ರೆಂಚ್ ಹೆಸರು ‘ಇನಾಕ್ಸ್’ ಸೇರಿ ವಿಕ್ಟೋರಿನಾಕ್ಸ್ ಆಯಿತು. ಬೀಗದ ಕೈಗೊಂಚಲಿನಲ್ಲಿ ತೂಗುಹಾಕುವ 58 ಮಿಲಿಮೀಟರಿನ ಪುಟ್ಟ ಚಾಕು ಕೊಂಡವರಲ್ಲಿ ಬೇಜಾರು ಮಾಡಿಕೊಂಡ ಒಬ್ಬರನ್ನೂ ನಾನು ನೋಡಿಲ್ಲ.

ಜಪಾನಿನ ಮಿಕಿ ಊರಿನ ಹಿಗೋನೊಕಾಮಿ ನನ್ನ ಮೆಚ್ಚಿನದು. ಮಡಚಿದ ತಗಡೇ ಅದರ ಹಿಡಿ, ಅಲಗಿನ ಬುಡದಲ್ಲಿ ಒಂದು ಸಣ್ಣ ಬಾಲ. ಕತ್ತರಿಸುವಾಗ ಹೆಬ್ಬೆರಳು ಆ ಬಾಲವನ್ನು ಒತ್ತಿಕೊಂಡಿರಬೇಕು. ಅದು ಬಿಟ್ಟರೆ ಬೇರೆ ಯಾವ ಏರ್ಪಾಡೂ ಇಲ್ಲ. ಆದರೆ ಮೊದಲ ಚಾಕುವಾಗಿ ಬೇಡ, ಎರಡನೆಯದಾಗಿ ಕೊಳ್ಳಿ. ಶೆಫೀಲ್ಡಿನ ಕೈಕೆಲಸದ ಚಾಕುಗಳು ಮೂರನೆಯದಾಗಲಿ. ಅಲ್ಲಿ ಸ್ಟಾನ್ ಶಾ ಎಂಬವರು ಹದಿನಾಲ್ಕನೇ ವಯಸ್ಸಿಗೆ ಕೆಲಸಕ್ಕೆ ಸೇರಿ ಜೀವಮಾನವಿಡೀ ಜೇಬುಚಾಕು ಮಾಡಿದರು. 2021ರಲ್ಲಿ ತೀರಿಕೊಂಡರು. ಅವರ ಚಾಕುವಿನ ಚಿತ್ರಗಳನ್ನು ನೋಡಿ. ಮುಚ್ಚಿದಾಗ ಸ್ಪ್ರಿಂಗಿಗೂ ಹಿಡಿಗೂ ನಡುವೆ ಕೂದಲೆಳೆಯಷ್ಟೂ ಸಂದಿ ಕಾಣುವುದಿಲ್ಲ.

ಮಳೆಗಾಲದಲ್ಲಿ ನನ್ನ ಒಪಿನೆಲ್ ತೆರೆಯುವುದೇ ಇಲ್ಲ. ಕೆಟ್ಟುಹೋಯಿತೇ?

ಇಲ್ಲ. ಹಿಡಿಯ ಮರ ತೇವ ಕುಡಿದು ಉಬ್ಬಿದೆ, ಅಲಗನ್ನು ಕಚ್ಚಿ ಹಿಡಿದಿದೆ. ತೀರ್ಥಹಳ್ಳಿ, ಆಗುಂಬೆ ಕಡೆಯ ಮಳೆಯಲ್ಲಿ ಬಾಗಿಲೇ ಉಬ್ಬಿ ಮುಚ್ಚಿಕೊಳ್ಳದಿರುವಾಗ ಚಾಕುವಿನ ಪಾಡೇನು! ಉಗುರು ಮುರಿದುಕೊಳ್ಳಬೇಡಿ. ಮೊದಲು ಬಳೆ ತಿರುಗಿಸಿ ಬೀಗ ಬಿಡಿಸಿ. ಆಮೇಲೆ ಹಿಡಿಯ ಹಿಂಬದಿಯ ಮೂಲೆಯನ್ನು ಮೇಜಿನ ಅಂಚಿಗೋ ಕಲ್ಲುಬೆಂಚಿಗೋ ‘ಟಕ್’ ಅಂತ ಕುಟ್ಟಿ, ಅಲಗಿನ ತುದಿ ಸ್ವಲ್ಪ ಹೊರಗೆ ಇಣುಕುತ್ತದೆ. ಸವೊಯ್ ಸೀಮೆಯವರೇ ಕಂಡುಕೊಂಡ ಉಪಾಯ ಇದು, ಅವರ ಹೆಸರಿನಲ್ಲೇ ಕರೆಯುತ್ತಾರೆ.

ಹೊಸ ಚಾಕುವಾದರೆ ಮಳೆ ಶುರುವಾಗುವ ಮೊದಲೇ ಕೀಲಿನ ಜಾಗದ ಮರಕ್ಕೆ ಅಗಸೆ ಎಣ್ಣೆ ಕುಡಿಸಿ ಎರಡು ಮೂರು ದಿನ ಒಣಗಲು ಬಿಡಿ. ಪೂರ್ತಿ ನಿಲ್ಲದಿದ್ದರೂ ಉಬ್ಬುವುದು ಬಹಳ ಕಡಿಮೆಯಾಗುತ್ತದೆ.

ಮಾವಿನಕಾಯಿ ಹೆಚ್ಚಿದೆ, ಅಲಗು ಕಪ್ಪಾಯಿತು. ಉಜ್ಜಿ ತೆಗೆಯಲೇ?

ದಯವಿಟ್ಟು ಬೇಡ. ನಿಮ್ಮದು ಕಾರ್ಬನ್ ಉಕ್ಕು, ಅಂದರೆ ಸ್ಟೇನ್‌ಲೆಸ್ ಅಲ್ಲದ್ದು. ಹುಳಿ ತಾಗಿದಾಗ ಅದರ ಮೈ ಬೂದು, ನೀಲಿ, ಕಪ್ಪು ಬಣ್ಣಕ್ಕೆ ತಿರುಗುತ್ತದೆ. ಇದನ್ನು ಪಟಿನಾ ಅಂತಾರೆ. ಕೆಂಪಗೆ ಪುಡಿ ಉದುರುವ ತುಕ್ಕು ಬೇರೆ, ಇದು ಬೇರೆ. ಪಟಿನಾ ಕೂತ ಅಲಗಿಗೆ ಕೆಂಪು ತುಕ್ಕು ಹಿಡಿಯುವುದು ತಡ.

ಬಾಳೆಕಾಯಿ, ಹಸಿ ಅಡಕೆ ಕೊಯ್ದರೆ ಇನ್ನೂ ಬೇಗ ಕಪ್ಪಾಗುತ್ತದೆ. ಅವುಗಳ ಒಗರು ಕಬ್ಬಿಣಕ್ಕೆ ಸೇರಿದರೆ ಕಪ್ಪು ಬಣ್ಣ ಹುಟ್ಟುತ್ತದೆ. ಹಿಂದಿನವರು ಅಳಲೆಕಾಯಿ ನೆನೆಸಿದ ನೀರಿಗೆ ಕಬ್ಬಿಣ ಸೇರಿಸಿ ಶಾಯಿ ಮಾಡಿಕೊಳ್ಳುತ್ತಿದ್ದುದೂ ಇದೇ ಗುಣದಿಂದ. ಹಣ್ಣು ಹೆಚ್ಚಿದ ತಕ್ಷಣ ಅಲಗು ಒರೆಸಿ, ಸಾಕು. ಒಂದು ವರ್ಷ ಕಳೆದ ಮೇಲೆ ನಿಮ್ಮ ಚಾಕುವಿನ ಬಣ್ಣ ಬೇರೆ ಯಾರ ಚಾಕುವಿನ ಮೇಲೂ ಇರುವುದಿಲ್ಲ. ನನ್ನದರ ತುದಿಯಲ್ಲಿ ನೇರಳೆ ಬಣ್ಣದ ಒಂದು ಮೋಡ ಇದೆ. ಎರಡು ಬೇಸಗೆಯ ಮಾವಿನಕಾಯಿ ಸೇರಿ ಬರೆದದ್ದು ಅದು.

ಒರೆಸುವ ತಾಳ್ಮೆ ಇಲ್ಲ, ಸಮುದ್ರದ ಹತ್ತಿರ ಮನೆ ಅನ್ನುವವರು ಸ್ಟೇನ್‌ಲೆಸ್ ಕೊಳ್ಳಿ. ಅದರಲ್ಲಿ ಕೊರತೆ ಏನೂ ಇಲ್ಲ.

ಸಾಣೆ ಹಿಡಿಯುವುದು ಹೇಗೆ? ಬೀದಿಯಲ್ಲಿ ಬರುವವರಿಗೆ ಕೊಡಬಹುದಾ?

ಸೈಕಲ್ಲಿಗೆ ಚಕ್ರ ಕಟ್ಟಿಕೊಂಡು ಬರುವವರ ಕೈಗುಣ ದೊಡ್ಡದು. ಅಡುಗೆಮನೆಯ ಚಾಕು, ಈಳಿಗೆ, ಕತ್ತರಿಗಳನ್ನು ನಾನೂ ಅವರಿಗೇ ಕೊಡುತ್ತೇನೆ. ಜೇಬುಚಾಕುವಿನ ಅಲಗು ಮಾತ್ರ ತೀರಾ ತೆಳು. ವೇಗವಾಗಿ ತಿರುಗುವ ಚಕ್ರಕ್ಕೆ ಹಿಡಿದರೆ ಕಿಡಿ ಹಾರುವಷ್ಟರಲ್ಲಿ ಅಂಚು ಕಾಯುತ್ತದೆ. ನೀಲಿ ಬಣ್ಣ ಕಂಡಿತೋ, ಅಷ್ಟು ಜಾಗದ ಹದ ಹೋಯಿತು ಅಂತಲೇ ಅರ್ಥ. ಆಮೇಲೆ ಎಷ್ಟು ಮಸೆದರೂ ಹರಿತ ನಿಲ್ಲುವುದಿಲ್ಲ.

ಮನೆಯಲ್ಲೇ ಮಸೆಯಿರಿ. 1000 ಗ್ರಿಟ್ಟಿನ (ಗ್ರಿಟ್ಟು ಅಂದರೆ ಕಲ್ಲಿನ ನಯದ ಅಳತೆ) ಒಂದು ಕಲ್ಲು ಸಾಕು. ಕಲ್ಲು ನೆನೆಸಿ, ಅಲಗು ಮಲಗಿಸಿ, ಅದರ ಬೆನ್ನನ್ನು ಸುಮಾರು ಅರ್ಧ ಸೆಂಟಿಮೀಟರ್ ಎತ್ತಿ. ಆ ಎತ್ತರವನ್ನು ಬದಲಿಸದೆ, ಹೆಚ್ಚು ಒತ್ತದೆ, ಬುಡದಿಂದ ತುದಿಯವರೆಗೆ ಎಳೆಯಿರಿ. ಹತ್ತಿಪ್ಪತ್ತು ಸಲ ಆದ ಮೇಲೆ ಅಂಚಿನ ಆಚೆ ಬದಿಯಲ್ಲಿ ಬೆರಳು ಅಡ್ಡಡ್ಡ ಸವರಿ ನೋಡಿ. ನೂಲಿನಂಥ ಒರಟು ಎಳೆ ಕೈಗೆ ತಾಗಿದರೆ ಈ ಬದಿ ಮುಗಿಯಿತು, ತಿರುಗಿಸಿ. ಆ ಎಳೆ ಹುಟ್ಟುವ ಮೊದಲೇ ಬದಿ ಬದಲಿಸುವುದರಿಂದಲೇ ಹೆಚ್ಚಿನವರ ಚಾಕು ಮೊಂಡಾಗಿ ಉಳಿಯುವುದು. ಎರಡೂ ಕಡೆ ಆದ ಮೇಲೆ ಹಳೆಯ ಚರ್ಮದ ಬೆಲ್ಟಿನ ಒಳಮೈಗೆ, ಅಂಚು ಹಿಂದಕ್ಕೆ ಬರುವಂತೆ, ಹದಿನೈದು ಸಲ ಎಳೆಯಿರಿ. ಕ್ಷೌರದಂಗಡಿಯಲ್ಲಿ ಕತ್ತಿಯನ್ನು ಪಟ್ಟಿಗೆ ತೀಡುತ್ತಿದ್ದರಲ್ಲ, ಹಾಗೆ. ಪ್ರವಾಸದಲ್ಲಿ ಕಲ್ಲಿಲ್ಲದಿದ್ದರೆ ಪಿಂಗಾಣಿ ಕಪ್ಪಿನ ತಳದ ಒರಟು ಬಳೆಯೂ ಆದೀತು.

ಯಾವ ಎಣ್ಣೆ ಹಾಕಲಿ?

ಕೀಲಿಗೆ ಹೊಲಿಗೆ ಯಂತ್ರದ ಎಣ್ಣೆ, ಒಂದೇ ತೊಟ್ಟು. ಹಣ್ಣು ಕೊಯ್ಯುವ ಅಲಗಿಗೆ ಔಷಧಿ ಅಂಗಡಿಯಲ್ಲಿ ಸಿಗುವ ಲಿಕ್ವಿಡ್ ಪ್ಯಾರಾಫಿನ್. ಕೊಬ್ಬರಿ ಎಣ್ಣೆ ಅಲಗಿಗೆ ಪರವಾಗಿಲ್ಲ, ಕೀಲಿಗೆ ಬೇಡ. ಚಳಿಗಾಲದಲ್ಲಿ ಗಟ್ಟಿಯಾಗಿ ಕೂರುತ್ತದೆ.

ಬೀಗ ಇಲ್ಲದ ಚಾಕು ಅಪಾಯ ಅಲ್ಲವೇ?

ಅದರ ರೀತಿ ಗೊತ್ತಿಲ್ಲದಿದ್ದರೆ ಅಪಾಯವೇ. ತೆಂಗಿನ ಚಿಪ್ಪಿನಿಂದ ಕೊಬ್ಬರಿ ಎಬ್ಬಿಸಲು ಹೋಗಿ ನಾನು ತುದಿಯನ್ನು ಒತ್ತಿ ಚುಚ್ಚಿದೆ. ಅಲಗು ಮಡಚಿಕೊಂಡು ತೋರುಬೆರಳಿಗೆ ಬಿತ್ತು, ನಾಲ್ಕು ಹೊಲಿಗೆ ಹಾಕಿದರು. ತಪ್ಪು ಚಾಕುವಿನದಲ್ಲ. ಸ್ಪ್ರಿಂಗಿನ ಚಾಕು ಇರುವುದು ಎಳೆದು ಕೊಯ್ಯಲು; ಚುಚ್ಚಲು, ಮೀಟಲು, ಒತ್ತಿ ಸೀಳಲು ಅಲ್ಲ. ಅಂಚಿನ ಕಡೆಗೆ ಬಲ ಬಿದ್ದಷ್ಟೂ ಅಲಗು ಇನ್ನಷ್ಟು ತೆರೆದುಕೊಂಡೇ ಇರುತ್ತದೆ, ಬೆನ್ನಿನ ಕಡೆಯಿಂದ ಬಲ ಬಿದ್ದರೆ ಮಡಚುತ್ತದೆ. ಇನ್ನೊಂದು ಮಾತು: ಮೊಂಡು ಚಾಕುವಿಗೆ ಬಲ ಹೆಚ್ಚು ಬೇಕು, ಕೈ ಜಾರುವುದೂ ಆಗಲೇ.

ಇಟ್ಟುಕೊಂಡು ಓಡಾಡಿದರೆ ಪೊಲೀಸರು ಹಿಡಿಯುವುದಿಲ್ಲವೇ?

2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ಶಸ್ತ್ರಗಳ ಪಟ್ಟಿಗೆ ಬರುವುದು 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಅಲಗುಗಳು. ಮನೆ, ಬೇಸಾಯ ಮುಂತಾದ ಕೆಲಸಕ್ಕೆಂದೇ ಮಾಡಿದವನ್ನು ಅದರಿಂದ ಬಿಟ್ಟಿದ್ದಾರೆ. ಮೂರು ಇಂಚಿನ ಹಣ್ಣು ಕೊಯ್ಯುವ ಚಾಕು ಆ ಅಳತೆಯ ಹತ್ತಿರಕ್ಕೂ ಬರುವುದಿಲ್ಲ. ಹಾಗಂತ ಎಲ್ಲೆಡೆ ಒಯ್ಯಬೇಡಿ. ಮೆಟ್ರೋ, ನ್ಯಾಯಾಲಯ, ಮಾಲು, ರಾಜಕೀಯ ಸಭೆ, ಗಲಾಟೆಯ ದಿನಗಳಲ್ಲಿ ಊರು, ಇಲ್ಲೆಲ್ಲ ಚಾಕು ಮನೆಯಲ್ಲಿರಲಿ. ವಿಮಾನದಲ್ಲಿ ಕೈಚೀಲಕ್ಕೆ ಹಾಕಲೇಬೇಡಿ, ಚೆಕ್-ಇನ್ ಲಗೇಜಿಗೆ ಹಾಕಿ. ಮರೆತು ಹಾಕಿಕೊಂಡು ಹೋಗಿ ಒಂದು ಒಳ್ಳೆಯ ಹಿಗೋನೊಕಾಮಿ ಕಳೆದುಕೊಂಡಿದ್ದೇನೆ. ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಬ್ರಿಟನ್ನಿನಲ್ಲಿರುವ ಕನ್ನಡಿಗರು ಇದನ್ನು ಗಮನಿಸಿ: ಅಲ್ಲಿ ಕಾರಣ ಹೇಳದೆ ಇಟ್ಟುಕೊಳ್ಳಬಹುದಾದ್ದು ಬೀಗವಿಲ್ಲದ, ಅಂಚು 3 ಇಂಚು ಮೀರದ ಮಡಿಸುವ ಚಾಕು ಮಾತ್ರ. ಒಪಿನೆಲ್ಲಿಗೆ ಬೀಗದ ಬಳೆ ಇರುವುದರಿಂದ ಅದು ಈ ವಿನಾಯಿತಿಗೆ ಬರುವುದಿಲ್ಲ.

ರಾಂಪುರಿ ಚಾಕು ಸಂಗ್ರಹಿಸುತ್ತೀರಾ?

ಇಲ್ಲ. ಸಿನಿಮಾ ರೌಡಿಗಳ ಕೈಯಲ್ಲಿ ಕಾಣುವ, ಉದ್ದ ಅಲಗಿನ ಮಡಿಸುವ ಚಾಕು ಅದು. ಉತ್ತರ ಪ್ರದೇಶದ ರಾಂಪುರದ ಕಸುಬುದಾರರ ಕೈಚಳಕಕ್ಕೆ ನನ್ನ ಗೌರವ ಇದೆ. ಆ ಊರಿನಲ್ಲಿ 2023ರಲ್ಲಿ ಒಂದು ವೃತ್ತದಲ್ಲಿ ದೈತ್ಯಾಕಾರದ ಚಾಕುವನ್ನೇ ನಿಲ್ಲಿಸಿದ್ದಾರೆ. ಆದರೆ ನನಗೆ ಬೇಕಾದ್ದು ಹಣ್ಣು ಕೊಯ್ಯುವ ಚಾಕು.

ಮಕ್ಕಳ ಕೈಗೆ ಯಾವಾಗ ಕೊಡಬಹುದು?

ಒಂದು ಕಾಲಕ್ಕೆ ಜಪಾನಿನ ಶಾಲಾ ಮಕ್ಕಳೆಲ್ಲ ಹಿಗೋನೊಕಾಮಿಯಿಂದಲೇ ಪೆನ್ಸಿಲ್ ಕೆತ್ತುತ್ತಿದ್ದರು. 1960ರ ರಾಜಕೀಯ ಹತ್ಯೆಯೊಂದರ ನಂತರ ಮಕ್ಕಳ ಕೈಗೆ ಚಾಕು ಬೇಡ ಅನ್ನುವ ಚಳವಳಿ ಎದ್ದು ಆ ರೂಢಿ ನಿಂತಿತು. ನನ್ನ ಮಗಳಿಗೆ ಒಂಬತ್ತು ತುಂಬಿದಾಗ ಕೊಟ್ಟೆ, ತುದಿ ದುಂಡಗಿರುವ ಒಪಿನೆಲ್. ಕೂತೇ ಬಳಸಬೇಕು, ಯಾರಾದರೂ ಮಾತಾಡಿಸಿದರೆ ಮೊದಲು ಮಡಚಬೇಕು, ಆಮೇಲೆ ತಲೆ ಎತ್ತಬೇಕು. ಈ ಎರಡೇ ನಿಯಮ. ಎರಡನೆಯದನ್ನು ಅವಳು ನನಗಿಂತ ಚೆನ್ನಾಗಿ ಪಾಲಿಸುತ್ತಾಳೆ.

ಚಾಕು ಉಡುಗೊರೆ ಕೊಡಬಾರದು ಅಂತಾರಲ್ಲ?

ನಮ್ಮ ಮನೆಯಲ್ಲಿ ಕತ್ತಿ, ಉಪ್ಪು, ಮೆಣಸಿನಕಾಯಿ ಕೈಯಿಂದ ಕೈಗೆ ಕೊಡುವುದಿಲ್ಲ, ಜಗಳ ಆಗುತ್ತದೆ ಅಂತ ಅಜ್ಜಿ ಹೇಳುತ್ತಿದ್ದರು. ಕೆಳಗಿಡಬೇಕು, ಅವರು ಎತ್ತಿಕೊಳ್ಳಬೇಕು. ಯುರೋಪಿನಲ್ಲೂ ಹೆದರಿಕೆ ಇದೇ: ಚಾಕು ಕೊಟ್ಟರೆ ಸ್ನೇಹ ಕಡಿಯುತ್ತದೆ. ಪಡೆದವರು ಒಂದು ನಾಣ್ಯ ಕೊಟ್ಟರೆ ಅದು ಉಡುಗೊರೆಯಾಗದೆ ವ್ಯಾಪಾರವಾಗುತ್ತದೆ, ದೋಷ ಇಲ್ಲ. ನಮ್ಮ ಗುಂಪಿನಲ್ಲಿ ಎರಡೂ ಸೇರಿಸಿಕೊಂಡಿದ್ದೇವೆ. ಚಾಕು ಮೇಜಿನ ಮೇಲಿಡುತ್ತೇವೆ, ಅವರು ಒಂದು ರೂಪಾಯಿ ಇಟ್ಟು ಎತ್ತಿಕೊಳ್ಳುತ್ತಾರೆ. ಹಾಗೆ ಬಂದ ಏಳು ನಾಣ್ಯ ನನ್ನ ಡ್ರಾಯರಿನಲ್ಲಿವೆ, ಖರ್ಚು ಮಾಡಿಲ್ಲ.

ಅಜ್ಜನ ಪೆಟ್ಟಿಗೆಯಲ್ಲಿ ತುಕ್ಕು ಹಿಡಿದ ಹಳೆ ಚಾಕು ಸಿಕ್ಕಿದೆ. ಹೊಳೆಯುವಂತೆ ಮಾಡಿಸಲೇ?

ಪಾಲಿಶ್ ಯಂತ್ರಕ್ಕೆ ಮಾತ್ರ ಕೊಡಬೇಡಿ. ಅಲಗಿನ ಬುಡದಲ್ಲಿ ತಯಾರಕರ ಗುರುತು ಇರುತ್ತದೆ, ಅದು ಅಳಿಸಿಹೋದರೆ ಮತ್ತೆ ಬರುವುದಿಲ್ಲ. ಕೀಲಿಗೆ ಎಣ್ಣೆ ಬಿಟ್ಟು ಒಂದು ರಾತ್ರಿ ಇಡಿ. ಬೆಳಿಗ್ಗೆ ನಿಧಾನವಾಗಿ ಅಲಗನ್ನು ಅರ್ಧರ್ಧ ತೆರೆಯುತ್ತ ಮುಚ್ಚುತ್ತ ಹೋದರೆ ಕೀಲಿನಿಂದ ಕಂದು ಬಣ್ಣದ ನೀರು ಇಳಿಯುತ್ತದೆ. ಅದು ನಿಲ್ಲುವ ತನಕ ಒರೆಸಿ, ಮತ್ತೆ ಎಣ್ಣೆ ಬಿಡಿ. ಒಳಗಿನ ಕಸವನ್ನು ಹಲ್ಲುಕಡ್ಡಿಯಿಂದ ತೆಗೆಯಿರಿ. ಕೆಂಪು ತುಕ್ಕನ್ನು ಅತಿ ನಯವಾದ ಉಕ್ಕಿನ ನಾರಿಗೆ ಎಣ್ಣೆ ಹಚ್ಚಿ ಉಜ್ಜಿದರೆ ಹೋಗುತ್ತದೆ. ಕಪ್ಪು ಕಲೆಗಳನ್ನು ಹಾಗೇ ಬಿಡಿ.

ನನ್ನ ಅಜ್ಜನದು ಕೊಂಬಿನ ಹಿಡಿಯ, ಎರಡು ಅಲಗಿನ ಶೆಫೀಲ್ಡ್ ಚಾಕು. ದೊಡ್ಡ ಅಲಗು ಹಣ್ಣಿಗೆ, ಪೆನ್ಸಿಲಿಗೆ; ಚಿಕ್ಕದು ವೀಳ್ಯದೆಲೆಯ ತೊಟ್ಟು ತೆಗೆಯಲು ಮಾತ್ರ. ದೊಡ್ಡದು ಮಸೆದು ಮಸೆದು ಮೊದಲಿದ್ದ ಅಗಲದ ಅರ್ಧಕ್ಕೆ ಬಂದಿದೆ, ನಡುವೆ ಸ್ವಲ್ಪ ಒಳಕ್ಕೆ ಬಾಗಿದೆ. ಅಜ್ಜ ಬಾವಿಕಟ್ಟೆಯ ಕಲ್ಲಿಗೆ ಮಸೆಯುತ್ತಿದ್ದ ಜಾಗ ಹೇಗೆ ಸವೆದು ತಗ್ಗಾಗಿದೆಯೋ ಅಲಗಿನ ಬಾಗು ಹಾಗೇ ಇದೆ. ಪ್ರತಿ ವರ್ಷ ಆಯುಧಪೂಜೆಯ ದಿನ ಕಾರು, ಸೈಕಲ್ಲು, ಲ್ಯಾಪ್‌ಟಾಪಿನ ಪಕ್ಕ ಅದನ್ನು ತೆರೆದಿಟ್ಟು ಅರಿಶಿನ ಕುಂಕುಮ ಹಚ್ಚುತ್ತೇವೆ. ಮಾರನೆಯ ದಿನ ವಿಜಯದಶಮಿ, ಒರೆಸಿ ಎಣ್ಣೆ ಹಾಕಿ, ಮೊದಲು ಅದರಿಂದಲೇ ಒಂದು ಹಣ್ಣು ಕೊಯ್ಯುತ್ತೇನೆ.